ಮಹಿಳಾ ಕ್ರಿಕೆಟ್ ನಿನ್ನೆ ಮೊನ್ನೆ ಶುರುವಾಗಿದ್ದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದರು. ಇಂಥ ಗೆಲುವಿನ ಬೆನ್ನಲ್ಲೇ ಕೆಲವು ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಪುರುಷರನ್ನು ನೋಡಿ ಮಹಿಳೆಯರು ಈಚೆಗೆ ಆಡಲು ಕಲಿತರು, ಈಗ ಇಬ್ಬರಿಗೂ ಒಂದೇ ಸಂಬಳ, ಸಣ್ಣ ಊರಿನ ಹುಡುಗಿಯರಿಗೆ ಇದೆಲ್ಲ ಆಗದ ಮಾತು ಎಂಬಂಥವು. ಹೊಳಲ್ಕೆರೆಯಲ್ಲೋ ಹಿರಿಯೂರಿನಲ್ಲೋ ಮಗಳು ಬ್ಯಾಟು ಕೇಳಿದಾಗ ಅಪ್ಪ ಅಮ್ಮ ಇಂಥ ಮಾತುಗಳನ್ನು ನಂಬಿಯೇ ತೀರ್ಮಾನ ಮಾಡುತ್ತಾರೆ. ಹಾಗಾಗಿ ಒಂದೊಂದಾಗಿ ಪರಿಶೀಲಿಸೋಣ.

ಮಾತು 1: ಮಹಿಳಾ ಕ್ರಿಕೆಟ್ ಹೊಸದು

ತಪ್ಪು. ಮೊದಲ ವಿಶ್ವಕಪ್ ಆಡಿದ್ದೇ ಮಹಿಳೆಯರು. 1973ರಲ್ಲಿ ಇಂಗ್ಲೆಂಡಿನಲ್ಲಿ ಅದು ನಡೆಯಿತು. ಪುರುಷರ ವಿಶ್ವಕಪ್ ಬಂದದ್ದು ಎರಡು ವರ್ಷಗಳ ನಂತರ, 1975ರಲ್ಲಿ.

ಭಾರತದಲ್ಲೂ 1973ರಲ್ಲೇ ಲಕ್ನೋದಲ್ಲಿ ಮಹೇಂದ್ರ ಕುಮಾರ್ ಶರ್ಮಾ ಅವರು ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯನ್ನು ಕಟ್ಟಿದರು. ಆ ವರ್ಷದ ಏಪ್ರಿಲ್‌ನಲ್ಲಿ ಪುಣೆಯಲ್ಲಿ ರಾಜ್ಯಗಳ ನಡುವಿನ ಮೊದಲ ಟೂರ್ನಿ ನಡೆದಾಗ ಇದ್ದದ್ದು ಮೂರೇ ತಂಡ: ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ವರ್ಷದ ಕೊನೆಗೆ ವಾರಾಣಸಿಯಲ್ಲಿ ಎಂಟು ತಂಡಗಳಾದವು, ಮುಂದಿನ ಕಲ್ಕತ್ತ ಟೂರ್ನಿಗೆ ಹದಿನಾಲ್ಕು. 1974ರಲ್ಲಿ ವಲಯಗಳ ನಡುವೆ ರಾಣಿ ಝಾನ್ಸಿ ಟ್ರೋಫಿಯೂ ಆರಂಭವಾಯಿತು.

ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ. ಆ ಕಾಲದಲ್ಲಿ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಬೋಗಿಗಳಲ್ಲಿ ಪ್ರಯಾಣಿಸಿ, ಡಾರ್ಮಿಟರಿಗಳಲ್ಲಿ ಮಲಗಿ ಪಂದ್ಯ ಆಡುತ್ತಿದ್ದರು.

ಮಾತು 2: ಎಲ್ಲವನ್ನೂ ಬಿಸಿಸಿಐ ಶುರುಮಾಡಿತು

ಅರ್ಧ ಸತ್ಯ. ಮೂವತ್ತಕ್ಕೂ ಹೆಚ್ಚು ವರ್ಷ ಆಟವನ್ನು ಉಳಿಸಿದ್ದು ಹಣವಿಲ್ಲದ ಆ ಮಹಿಳಾ ಸಂಸ್ಥೆ. 2006ರಲ್ಲಿ ಅದು ಬಿಸಿಸಿಐ ಜೊತೆ ಸೇರಿತು. 2006-07ರಲ್ಲಿ ಇಂದಿನ ಸೀನಿಯರ್ ಮಹಿಳಾ ಏಕದಿನ ಟ್ರೋಫಿ ಆರಂಭವಾಯಿತು. ಮೈದಾನ, ಪ್ರಯಾಣ, ಪಂದ್ಯ ಶುಲ್ಕ ಇವೆಲ್ಲ ಸುಧಾರಿಸಿದ್ದು ಅಲ್ಲಿಂದ ಮುಂದೆ ಎಂಬುದು ಮಾತ್ರ ನಿಜ.

ಈ ಟ್ರೋಫಿಯಲ್ಲಿ ಬಹುಪಾಲು ವರ್ಷ ಗೆದ್ದದ್ದು ರೈಲ್ವೇಸ್. 2011-12ರಲ್ಲಿ ದೆಹಲಿ, 2018-19ರಲ್ಲಿ ಬಂಗಾಳ ಗೆದ್ದದ್ದು ಅಪರೂಪದ ಉದಾಹರಣೆಗಳು. 2022-23ರ ಫೈನಲ್‌ನಲ್ಲಿ ಕರ್ನಾಟಕವೂ ರೈಲ್ವೇಸ್ ಎದುರೇ ಸೋತಿತು. ಕಾರಣ ಸರಳ: ರೈಲ್ವೆ ಆಟಗಾರ್ತಿಯರಿಗೆ ಕೆಲಸ ಕೊಡುತ್ತದೆ. ಡಯಾನಾ ಎಡುಲ್ಜಿ, ಮಿಥಾಲಿ ರಾಜ್, ಹರ್ಮನ್‌ಪ್ರೀತ್ ಕೌರ್ ಎಲ್ಲರೂ ಅಲ್ಲಿ ನೌಕರಿ ಮಾಡಿದವರೇ. ಆಟ ಹೊಟ್ಟೆ ತುಂಬಿಸದ ಕಾಲದಲ್ಲಿ ತಿಂಗಳ ಸಂಬಳ ಇರುವ ಕಡೆಗೆ ಪ್ರತಿಭೆ ಹರಿಯುವುದು ಸಹಜ.

ಮಾತು 3: ಈಗ ಸಮಾನ ವೇತನ

ಇಲ್ಲಿ ಎಚ್ಚರ ಬೇಕು. 2022ರ ಅಕ್ಟೋಬರ್‌ನಲ್ಲಿ ಘೋಷಣೆಯಾದದ್ದು ಅಂತರರಾಷ್ಟ್ರೀಯ ಪಂದ್ಯಗಳ ಸಮಾನ ಶುಲ್ಕ: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ವಾರ್ಷಿಕ ಗುತ್ತಿಗೆ ಬೇರೆಯದೇ ಲೆಕ್ಕ. 2024-25ರಲ್ಲಿ ಪುರುಷರ ಅತ್ಯುನ್ನತ ದರ್ಜೆಗೆ 7 ಕೋಟಿ, ಮಹಿಳೆಯರ ಅತ್ಯುನ್ನತ ದರ್ಜೆಗೆ 50 ಲಕ್ಷ. ದೇಶೀಯ ಏಕದಿನ ಪಂದ್ಯದಲ್ಲಿ ಆಡುವ ಹನ್ನೊಂದರಲ್ಲಿರುವವರಿಗೆ ದಿನಕ್ಕೆ ಸಿಗುತ್ತಿದ್ದದ್ದು 20,000 ರೂಪಾಯಿ. ವಿಶ್ವಕಪ್ ಗೆದ್ದ ಮೇಲೆ, 2025ರ ಡಿಸೆಂಬರ್‌ನಲ್ಲಿ ಅದನ್ನು 50,000ಕ್ಕೆ ಏರಿಸಲಾಯಿತು. ನೀಲಿ ಜೆರ್ಸಿ ತೊಡುವವರು ಕೆಲವೇ ಮಂದಿ. ರಾಜ್ಯ ತಂಡದಲ್ಲಿ ಆಡುವ ನೂರಾರು ಹುಡುಗಿಯರ ಬದುಕು ನಿಂತಿರುವುದು ಈ ದೇಶೀಯ ಶುಲ್ಕದ ಮೇಲೆ.

ಮಾತು 4: ಸಣ್ಣ ಊರಿನವರಿಗೆ ಆಗದು

ಹೊಸದುರ್ಗಕ್ಕೆ ದೂರವಲ್ಲದ ಕಡೂರಿನ ಹುಡುಗಿ ವೇದಾ ಕೃಷ್ಣಮೂರ್ತಿ. ಕರ್ನಾಟಕ, ರೈಲ್ವೇಸ್ ಎರಡಕ್ಕೂ ಆಡಿದರು. 2017ರ ವಿಶ್ವಕಪ್‌ನಲ್ಲಿ ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ ಅವರು 45 ಎಸೆತಗಳಲ್ಲಿ 70 ರನ್ ಹೊಡೆದರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುದುಡಿತು.

ಹಾಗೆಂದು ದಾರಿ ಸುಲಭ ಎಂದು ನಾವು ಹೇಳುವುದಿಲ್ಲ. ಈಗ 15, 19, 23 ವರ್ಷದೊಳಗಿನವರಿಗೂ ಬಿಸಿಸಿಐ ಏಕದಿನ ಟೂರ್ನಿಗಳಿವೆ. ಅಂದರೆ ಮೆಟ್ಟಿಲುಗಳಿವೆ, ಆದರೆ ಮೊದಲ ಮೆಟ್ಟಿಲು ಮನೆಯಿಂದ ದೂರ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಶಾಲೆ ಬಿಡಿಸದೆ, ಊರು ಬಿಡಿಸದೆ ಹುಡುಗಿಯೊಬ್ಬಳು ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡಬೇಕೆಂದರೆ ತಾಲ್ಲೂಕಿನಲ್ಲೇ ಪಿಚ್, ಕೋಚ್, ಆಡಲು ಹನ್ನೊಂದು ಜೊತೆಗಾರ್ತಿಯರು ಬೇಕು. ಅಡ್ಡಿ ಇರುವುದು ಇಲ್ಲಿಯೇ ಹೊರತು ಹುಡುಗಿಯರ ತಾಕತ್ತಿನಲ್ಲಲ್ಲ.

ಕೊನೆಯ ಮಾತು

1973ರಲ್ಲಿ ಮೂರು ತಂಡಗಳಿಂದ ಶುರುವಾದ ಆಟ 2025ರಲ್ಲಿ ವಿಶ್ವಕಪ್ ತಂದಿತು. ನಡುವಿನ ಐವತ್ತೆರಡು ವರ್ಷ ಅದನ್ನು ಹೊತ್ತದ್ದು ಟಿವಿಯಲ್ಲಿ ಕಾಣದ ರಾಜ್ಯ, ವಲಯ ಮಟ್ಟದ ಪಂದ್ಯಗಳು. ಮುಂದಿನ ಸಲ ಗೆಲುವಿನ ಫೋಟೋ ಹಂಚುವಾಗ, ನಿಮ್ಮ ಊರಿನ ಶಾಲೆಯಲ್ಲಿ ಹುಡುಗಿಯರ ತಂಡ ಇದೆಯೇ ಎಂದು ಆ ಗುಂಪಿನಲ್ಲೇ ಒಮ್ಮೆ ಕೇಳಿ ನೋಡಿ.