ಟ್ರಾಲಿಯ ಕೊಂಡಿ

ಟ್ರ್ಯಾಕ್ಟರನ್ನು ಕೊಳ್ಳುವಾಗ ನಮ್ಮ ಗೃಹಸ್ಥರು ಹತ್ತು ಜನರನ್ನು ವಿಚಾರಿಸುವರು. ಟ್ರಾಲಿಯನ್ನು ಮಾಡಿಸುವಾಗ ತಗಡಿನ ದಪ್ಪವನ್ನೂ ಟೈರಿನ ಬೆಲೆಯನ್ನೂ ತಪ್ಪದೆ ಕೇಳುವರು. ಆದರೆ ಅವೆರಡನ್ನೂ ಕೂಡಿಸುವ ಕೊಂಡಿಯ ಮಾತು ಬಂದರೆ, 'ಕಬ್ಬಿಣ ಗಟ್ಟಿಯಾಗಿರಲಿ' ಎಂಬುದಿಷ್ಟೇ ಅವರ ಅಪ್ಪಣೆ. ಮಿಕ್ಕುದೆಲ್ಲವೂ ವೆಲ್ಡಿಂಗ್ ಅಂಗಡಿಯವನ ಚಿತ್ತಕ್ಕೆ ಬಿಟ್ಟದ್ದು. ಆದುದರಿಂದ ಈ ತಿಂಗಳು ಆ ಕೊಂಡಿಯನ್ನು ಕುರಿತೇ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ಮಾನ್ವಿಯ ಕಡೆಗೂ, ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಬಂದ ಮೇಲೆ, ಸುಗ್ಗಿಯಲ್ಲಿ ಭತ್ತವೂ ಹತ್ತಿಯೂ ಕಲ್ಲೂರಿನ ಹಾದಿಯಿಂದಲೂ ಗಬ್ಬೂರಿನ ಹಾದಿಯಿಂದಲೂ ರಾಯಚೂರಿನ ಗಂಜ್‌ಗೆ ಟ್ರಾಲಿಗಳಲ್ಲಿಯೇ ಬರುವವು. ಮೇಲಾಗಿ, ಬೆಳಗ್ಗೆ ನಾಟಿಗೆಂದೂ ಹತ್ತಿ ಬಿಡಿಸಲಿಕ್ಕೆಂದೂ ಹೊರಡುವ ಹೆಣ್ಣುಮಕ್ಕಳು ಕೂಡುವದೂ ಅದೇ ಟ್ರಾಲಿಯಲ್ಲಿ. ಕೊಂಡಿ ಕಳಚಿದರೆ ಹೋಗುವದು ಬರಿಯ ಭತ್ತವಲ್ಲ.

ಕೊಂಡಿಯನ್ನು ಆರಿಸುವಾಗ ಮೊದಲು ಕೇಳತಕ್ಕ ಪ್ರಶ್ನೆಯು ಕಬ್ಬಿಣ ಎಷ್ಟು ದಪ್ಪ ಎಂಬುದಲ್ಲ, ಭಾರವು ಎಲ್ಲಿ ಬೀಳುವದು ಎಂಬುದು. ಬಂಡಿ ಹೊಡೆದ ಹಿರಿಯರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಚೀಲಗಳನ್ನು ಬಂಡಿಯ ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ಕುಸಿಯುವದು; ಹಿಂದಕ್ಕೆ ಹೇರಿದರೆ ಮೂಕಿಯು ಮೇಲೆದ್ದು ಕೊರಳ ಹಗ್ಗ ಬಿಗಿಯುವದು. ಅಚ್ಚಿಗಿಂತ ತುಸು ಮುಂದೆ ಭಾರ ನಿಂತರೆ ಮಾತ್ರ ಎತ್ತುಗಳು ಸುಖವಾಗಿ ನಡೆಯುವವು. ಎರಡು ಗಾಲಿಯ ಟ್ರಾಲಿಯೂ ಇದೇ ಬಂಡಿ; ನೊಗದ ಜಾಗದಲ್ಲಿ ಕೊಂಡಿ ಬಂದಿದೆ, ಅಷ್ಟೆ.

ಲೆಕ್ಕವನ್ನು ಮಾಡಿ ನೋಡೋಣ. ನಮ್ಮಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಐವತ್ತು ಚೀಲ ಹೇರಿದರೆ 3750 ಕಿಲೋ. ಖಾಲಿ ಟ್ರಾಲಿಯನ್ನು 1250 ಕಿಲೋ ಎಂದು ಹಿಡಿದರೆ ಒಟ್ಟು 5000. ಇದರಲ್ಲಿ ಹತ್ತನೆಯ ಒಂದು ಪಾಲು, ಎಂದರೆ 500 ಕಿಲೋ, ಕೊಂಡಿಯ ಮೇಲೆ ಕೂಡುವದೆನ್ನೋಣ. ಕೊಂಡಿಯು ಟ್ರ್ಯಾಕ್ಟರಿನ ಹಿಂದಿನ ಅಚ್ಚಿನಿಂದ ಎರಡು ಅಡಿ ಹಿಂದಿದ್ದು, ಮುಂದಿನ ಗಾಲಿಯು ಅದೇ ಅಚ್ಚಿನಿಂದ ಆರು ಅಡಿ ಮುಂದಿದ್ದರೆ, ತಕ್ಕಡಿಯ ನ್ಯಾಯದಂತೆ ಮುಂದಿನ ಗಾಲಿಗಳ ಮೇಲಿನ ಭಾರದಲ್ಲಿ ಸುಮಾರು 167 ಕಿಲೋ ಕಡಿಮೆಯಾಗುವದು. ಸಪಾಟು ರಸ್ತೆಯಲ್ಲಿ ಇದು ತಿಳಿಯದು. ಕಾಲುವೆಯ ಏರಿಯನ್ನು ಹತ್ತುವಾಗ ಸ್ಟೀರಿಂಗು ಹಗುರಾಗಿ, ತಿರುವಿದರೂ ಗಾಡಿ ತಿರುಗದೆ, ಆಗ ತಿಳಿಯುವದು.

ಅಮೇರಿಕದ ರೈತರು ಈ ತೊಂದರೆಗೆ ಬೇರೊಂದು ಉಪಾಯವನ್ನು ಮಾಡಿಕೊಂಡಿರುವರು. ಅವರ ದೊಡ್ಡ ಪಿಕಪ್ ಗಾಡಿಗಳಲ್ಲಿ ಕೊಂಡಿಯು ಹಿಂಬದಿಯಲ್ಲಿರದೆ ಸಾಮಾನು ಹೇರುವ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೆತ್ತಿಗೆ ಅಥವಾ ತುಸು ಮುಂದಕ್ಕೆ ಇರುವದು. ಅಲ್ಲೊಂದು ಉಕ್ಕಿನ ಗುಂಡು. ಟ್ರೇಲರಿನ ತೊಲೆಯು ಹಂಸದ ಕೊರಳಿನಂತೆ ಮೇಲಕ್ಕೆ ಬಾಗಿ ಬಂದು ಅದರ ಮೇಲೆ ಕೂಡುವದು. ಆದುದರಿಂದಲೇ 'ಗೂಸ್‌ನೆಕ್' ಎಂಬ ಹೆಸರು. ಭಾರವು ಅಚ್ಚಿನ ಮೇಲೆಯೇ ಬೀಳುವದರಿಂದ ಮುಂದಿನ ಗಾಲಿಗಳು ಹಗುರಾಗುವದಿಲ್ಲ. ನಮ್ಮ ಹೆದ್ದಾರಿಯಲ್ಲಿ ಓಡುವ ಉದ್ದನೆಯ ಲಾರಿಗಳಲ್ಲಿಯೂ ತತ್ತ್ವ ಇದೇ. ಅಲ್ಲಿ ಗುಂಡಿನ ಬದಲು ಅಗಲವಾದ ಉಕ್ಕಿನ ತಟ್ಟೆ, ಅದರೊಳಗೆ ಸಿಕ್ಕಿಕೊಳ್ಳುವ ಎರಡು ಅಂಗುಲದ ಮೊಳೆ.

ಇದನ್ನು ಚಿತ್ರಗಳಲ್ಲಿ ಕಂಡ ತರುಣರು ತಮ್ಮ ಪಿಕಪ್ಪಿಗೂ ಇಂಥದೊಂದನ್ನು ಹಾಕಿಸೋಣವೆನ್ನಬಹುದು. ನಾವು ಸ್ಪಷ್ಟವಾಗಿ ಬೇಡವೆನ್ನುವೆವು. ಗೂಸ್‌ನೆಕ್ಕಿನಲ್ಲಿ ಟ್ರೇಲರಿನ ಒಟ್ಟು ತೂಕದ ಐದರಲ್ಲೊಂದು ಪಾಲಾದರೂ, ಕೆಲವೊಮ್ಮೆ ನಾಲ್ಕರಲ್ಲೊಂದು ಪಾಲು, ಎಳೆಯುವ ಗಾಡಿಯ ಮೇಲೆಯೇ ಬೀಳುವದು. ಮೇಲಿನ ಲೆಕ್ಕದ ಟ್ರೇಲರಿಗೆ ಅದು 1000ದಿಂದ 1250 ಕಿಲೋ. ನಮ್ಮ ಕಡೆಯ ಪಿಕಪ್ ಹೊರುವದೇ ಒಂದೂವರೆ ಟನ್ನಿನ ಆಸುಪಾಸು. ಗಾಡಿಯ ಶಕ್ತಿಯೆಲ್ಲ ಕೊಂಡಿಯನ್ನು ಹೊರುವದರಲ್ಲಿಯೇ ತೀರಿ, ಎಳೆಯಲಿಕ್ಕೂ ಇಳಿಜಾರಿನಲ್ಲಿ ತಡೆದು ನಿಲ್ಲಿಸಲಿಕ್ಕೂ ಏನೂ ಉಳಿಯದು. ಗಾಡಿಯನ್ನು ಮಾಡಿದವರು ಎಳೆಯುವ ಭಾರವನ್ನು ಬರೆದು ಕೊಡದಿದ್ದಲ್ಲಿ ಅದಕ್ಕೆ ಏನನ್ನೂ ಕಟ್ಟಬಾರದು.

ಹಾಗಾದರೆ ಟ್ರ್ಯಾಕ್ಟರಿಗೆ ಎಂಥ ಕೊಂಡಿ? ಮೊದಲನೆಯದಾಗಿ, ಅದು ತಗ್ಗಿನಲ್ಲಿರಬೇಕು. ಹಿಂದಿನ ಗಾಲಿಗಳ ನಡುವಿನ ಅಚ್ಚಿಗಿಂತ ಎತ್ತರದಿಂದ ಎಳೆದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುವದು. ಚಾಲಕನಿಗೆ ಹಾರಿ ತಪ್ಪಿಸಿಕೊಳ್ಳುವಷ್ಟು ಅವಕಾಶವೂ ಸಿಕ್ಕುವದಿಲ್ಲ. ಎರೆಯಲ್ಲಿ ಟ್ರಾಲಿ ಹುಗಿದಾಗ ಸರಪಳಿಯನ್ನು ನೇಗಿಲು ಕಟ್ಟುವ ಮೇಲಿನ ತೋಳಿಗೆ ಸಿಕ್ಕಿಸಿ ಜಗ್ಗುವ ರೂಢಿಯುಂಟು. ಇದನ್ನು ಮನೆಯ ಹಿರಿಯರು ಖಂಡಿತವಾಗಿ ತಡೆಯಬೇಕು.

ನಾಲ್ಕು ಗಾಲಿಯ ಟ್ರಾಲಿಯು ತನ್ನ ಭಾರವನ್ನು ತಾನೇ ಹೊರುವದು. ಕೊಂಡಿಯ ಮೇಲೆ ಬೀಳುವದು ಬಹು ಸ್ವಲ್ಪ. ಡಾಂಬರು ರಸ್ತೆಯ ದೂರದ ಸಾಗಾಟಕ್ಕೆ ಅದು ಲೇಸು. ಆದರೆ ಹಿಂದಕ್ಕೆ ಸರಿಸುವದು ಕಷ್ಟ. ಮಳೆ ಬಿದ್ದ ಎರೆಯ ಹೊಲದಲ್ಲಿಯಾದರೆ ಎರಡು ಗಾಲಿಯದೇ ಮೇಲು. ಕೊಂಡಿಯ ಮೇಲಿನ ಆ ಭಾರವೇ ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿತವನ್ನು ಕೊಡುವದು. ಒಂದೇ ಟ್ರಾಲಿಯನ್ನು ಕೊಳ್ಳಬಲ್ಲವರಿಗೆ ಎರಡು ಗಾಲಿಯದನ್ನೇ ನಾವು ಸೂಚಿಸುವೆವು, ಚೀಲಗಳನ್ನು ಬಂಡಿಯಂತೆ ಹದವಾಗಿ ಹೇರುವರೆಂಬ ಭರವಸೆಯ ಮೇಲೆ. ಹಿಂಭಾರವಾದರೆ ರಸ್ತೆಯಲ್ಲಿ ಟ್ರಾಲಿಯು ಬಾಲದಂತೆ ಅತ್ತಿತ್ತ ಬಳುಕುವದು.

ಪಿನ್ನಿನ ವಿಷಯದಲ್ಲಿ ಜಿಪುಣತನ ಸಲ್ಲದು. ಮನೆ ಕಟ್ಟಲು ತಂದ ಸಲಾಕೆಯ ತುಂಡನ್ನು ತೂರಿಸಿ ಓಡಿಸುವದನ್ನು ನಾವು ಕಂಡಿದ್ದೇವೆ. ರಂಧ್ರಕ್ಕೆ ಸರಿಯಾಗಿ ಕೂಡುವ, ತಲೆಯುಳ್ಳ ಪಿನ್ನೇ ಬೇಕು. ಅದು ಮೇಲಿನಿಂದ ಕೆಳಗಿಳಿಯಬೇಕು, ಕೆಳತುದಿಗೆ ಜಾರದಂತೆ ತಡೆಯುವ ಕ್ಲಿಪ್ಪು ಇರಬೇಕು. ಟ್ರಾಲಿಯ ತೊಲೆಯಿಂದ ಟ್ರ್ಯಾಕ್ಟರಿನ ಚಾಸಿಗೆ ಎರಡು ಸರಪಳಿಗಳನ್ನು ತೊಲೆಯ ಕೆಳಗೆ ಅಡ್ಡಡ್ಡವಾಗಿ ಹಾಯಿಸಿ ಬಿಗಿದರೆ, ಪಿನ್ನು ಮುರಿದ ದಿನ ತೊಲೆಯು ನೆಲಕ್ಕೆ ಕುಟ್ಟದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುವದು.

1988ರ ಮೋಟಾರು ವಾಹನಗಳ ಕಾಯದೆಯಂತೆ ಟ್ರಾಲಿಗೂ ಪ್ರತ್ಯೇಕ ನೋಂದಣಿ ಬೇಕು. ಮಾಲು ಹೇರುವ ಟ್ರಾಲಿಯಲ್ಲಿ ಜನರನ್ನು ಕೂಡಿಸುವದು ಸಲ್ಲದೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಅದು ನಡೆದೇ ಇದೆ. ಕೂಲಿಯವರಿಗೆ ಆಟೋ ಬಾಡಿಗೆ ಕೊಡುವದು ದುಬಾರಿಯೆನ್ನುವ ಯಜಮಾನರು ತಮ್ಮ ಮನೆಯ ಹೆಂಗಸರನ್ನು ಆ ಟ್ರಾಲಿಯ ಅಂಚಿನ ಮೇಲೆ ಕೂಡಿಸುವರೇ ಎಂದು ಮನೆಯೊಡತಿಯರು ಒಂದು ಸಾರೆ ಕೇಳಿ ನೋಡಲಿ.

ಸುಗ್ಗಿಗೆ ಮುಂಚೆ ಪಿನ್ನನ್ನು ಹೊರತೆಗೆದು ಎಣ್ಣೆಯ ಜಿಡ್ಡನ್ನು ಒರಸಿ ಬೆರಳಿನಿಂದ ಸವರಿ ನೋಡಿರಿ. ನಡುವೆ ಸವೆದು ಸೊಂಟದಂತಾಗಿದ್ದರೆ ಅದರ ಕಾಲ ತೀರಿತು. ಬಳೆಯ ರಂಧ್ರವು ದುಂಡಗಿರದೆ ಉದ್ದವಾಗಿದ್ದರೆ ಬಳೆಯನ್ನೂ ಬದಲಿಸಬೇಕು. ಹಳೆಯ ಪಿನ್ನನ್ನು ಅಂದೇ ಗುಜರಿಗೆ ಹಾಕಿರಿ. ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಅವಸರದ ದಿನ ಯಾರಾದರೂ ಅದನ್ನೇ ತಂದು ತೊಡಿಸುವರು.