ಹಕ್ಕಿಜ್ವರ: ಹಿತ್ತಲ ಕೋಳಿಯ ಸಾವು ಮುಚ್ಚಿಡಬೇಡಿ

ಪುಣೆ: ದೇಶದಲ್ಲಿ ಹಕ್ಕಿಜ್ವರ ಮೊದಲು ದೃಢಪಟ್ಟಿದ್ದು 2006ರ ಫೆಬ್ರವರಿಯಲ್ಲಿ, ನಮ್ಮದೇ ರಾಜ್ಯದ ನವಾಪುರದ ಕೋಳಿ ಫಾರ್ಮ್‌ಗಳಲ್ಲಿ. 2025ರಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಸತ್ತದ್ದು ಮನೆಯಲ್ಲಿ ಸಾಕಿದ ಕೋಳಿಗಳು. ಫಾರ್ಮ್‌ನಲ್ಲಿ ಸಾವಿರ ಕೋಳಿ ಸತ್ತರೆ ಸುದ್ದಿ. ಹಿತ್ತಲಲ್ಲಿ ನಾಲ್ಕು ಸತ್ತರೆ ತಿಪ್ಪೆಗೆ, ತೂಕಡಿಸುವುದು ಸಾರಿಗೆ.

ಅಪಾಯ ಇರುವುದು ಇಲ್ಲೇ. ಚೆನ್ನಾಗಿ ಬೆಂದ ಮಾಂಸಕ್ಕಿಂತ, ರೋಗದ ಕೋಳಿ ಕೊಯ್ದು ಪುಕ್ಕ ಕೀಳುವ ಕೈಗಳಿಗೆ ಭಯ ಹೆಚ್ಚು. 2021ರಲ್ಲಿ ಮೃತಪಟ್ಟ ಹರಿಯಾಣದ ಬಾಲಕನಿಗೆ ಈ ಸೋಂಕು ತಗುಲಿದ್ದನ್ನು ಖಚಿತಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ.

ಸರಕಾರದ ಪರಿಹಾರವೂ ಇಲಾಖೆ ಕೊಲ್ಲಿಸಿದ ಕೋಳಿಗೆ ಮಾತ್ರ, ಮೊದಲೇ ಸತ್ತದ್ದಕ್ಕಿಲ್ಲ. ಮುಚ್ಚಿಟ್ಟಷ್ಟೂ ನಷ್ಟವೇ. ಜಾತ್ರೆಗೆ ಊರಿಗೆ ಹೋಗುವ ಪುಣೆ ಕನ್ನಡಿಗರು ಮನೆಯವರಿಗೆ ಹೇಳಿಬರಲಿ: ಕೋಳಿಗಳು ಸಾಲಾಗಿ ಸತ್ತರೆ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.