ಥಾಯ್ ರಕ್ತಕ್ಕೆ ಸರ್ಕಾರಿ ಮೊಹರು

ಬೆಳಗ್ಗೆ 8 ಗಂಟೆಗೆ ಬ್ಯಾಂಕಾಕ್‌ನ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕ ಮೊಳಗುತ್ತಿದ್ದಂತೆ ಗಡಿಬಿಡಿಯಲ್ಲಿ ಹೊರಟವರೂ ನಿಂತುಬಿಡುತ್ತಾರೆ. ರಾಷ್ಟ್ರಗೀತೆ. ಸಂಜೆ 6ಕ್ಕೆ ಮತ್ತೊಮ್ಮೆ. ಅದರ ಈಗಿನ ಸಾಹಿತ್ಯ 1939ರದ್ದು. ಶುರುವಾಗುವುದೇ ಥಾಯ್ ಜನರ ರಕ್ತಮಾಂಸದ ಪ್ರಸ್ತಾಪದಿಂದ. ಅದೇ ವರ್ಷ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಸಯಾಂ ದೇಶವನ್ನು ಥಾಯ್ಲೆಂಡ್ ಮಾಡಿದರು. ಉತ್ತರದ ಥಾಯ್, ದಕ್ಷಿಣದ ಥಾಯ್ ಎಂದೆಲ್ಲ ಬೇರೆಬೇರೆ ಕರೆಯಕೂಡದು, ಎಲ್ಲರೂ ಬರೀ ಥಾಯ್ ಎಂಬ ಆದೇಶವೂ ಹೊರಟಿತು. ಈಶಾನ್ಯದ ಈಸಾನ್ ಸೀಮೆಯ ಲಕ್ಷಾಂತರ ಲಾವೊ ಜನರ ಗುರುತು ಕಾಗದದ ಮೇಲಿಂದ ಮಾಯವಾಯಿತು.

ಹೊಸ ಹೆಸರಿಗೆ ಹಳೆಯ ವಂಶವೂ ಬೇಕಲ್ಲ! ಅದನ್ನು ಒದಗಿಸಲು ಲುವಾಂಗ್ ವಿಚಿತ್‌ವಾತಕಾನ್‌ನಂಥ ಆಸ್ಥಾನ ಇತಿಹಾಸಕಾರರಿದ್ದರು. ಥಾಯ್ ಜನ ದೂರದ ಅಲ್ತಾಯ್ ಪರ್ವತದಿಂದ ಹೊರಟು, ಚೀನಾದಲ್ಲಿ ನಾನ್‌ಜಾವ್ ರಾಜ್ಯ ಕಟ್ಟಿ, ಅಲ್ಲಿಂದ ಕೆಳಗಿಳಿದು ಬಂದರು ಎಂಬ ಕಥೆ ಶಾಲಾ ಪಠ್ಯದಲ್ಲಿ ದಶಕಗಟ್ಟಲೆ ಉಳಿಯಿತು.

ಈ ಕಥೆಯಲ್ಲಿ ಒಂದು ಎಳೆ ಮಾತ್ರ ನಿಜ. ಜನ ಉತ್ತರದಿಂದ ಬಂದದ್ದು ಹೌದು, ಆದರೆ ಅಲ್ತಾಯ್‌ನಿಂದ ಅಲ್ಲ, ದಕ್ಷಿಣ ಚೀನಾದಿಂದ. ಖೋನ್ ಕೇನ್ ವಿಶ್ವವಿದ್ಯಾಲಯದ ವಿಭು ಕುತಾನನ್, ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಸಂಗಡಿಗರು 2017ರಲ್ಲಿ ಥಾಯ್ಲೆಂಡ್ ಮತ್ತು ಲಾವೋಸ್‌ನ 51 ಸಮುದಾಯಗಳಿಂದ 1,234 ಮಂದಿಯ ತಾಯಿವಳಿ ಡಿಎನ್‌ಎ ಪರೀಕ್ಷಿಸಿದರು. ಸ್ಥಳೀಯರು ಸುಮ್ಮನೆ ಹೊಸ ಭಾಷೆ ಕಲಿತು ಥಾಯ್ ಆದರೋ, ಇಲ್ಲ ಭಾಷೆಯ ಜೊತೆಗೆ ಜನವೂ ಬಂದರೋ ಎಂಬುದು ಪ್ರಶ್ನೆ. ಲಾವೋಸ್, ಉತ್ತರ ಮತ್ತು ಈಶಾನ್ಯ ಥಾಯ್ಲೆಂಡ್‌ಗಳಲ್ಲಿ ಜನವೂ ಬಂದರು ಎಂಬ ಕಡೆಗೇ ತಕ್ಕಡಿ ವಾಲಿತು.

ಬಂದವರು ಖಾಲಿ ನೆಲಕ್ಕೇನೂ ಬರಲಿಲ್ಲ. ಲಾವೋಸ್‌ನ ಫಾ ಫೇನ್ ಎಂಬಲ್ಲಿ ಸಿಕ್ಕ ಸುಮಾರು 8,000 ವರ್ಷ ಹಳೆಯ ಅಸ್ಥಿಯ ಡಿಎನ್‌ಎ ನಮ್ಮ ಅಂಡಮಾನಿನ ಓಂಗೆ ಜನರ ನೆಂಟಸ್ತಿಕೆ ತೋರಿಸುತ್ತದೆ. ಬೇಟೆಯಾಡಿ ಬದುಕುತ್ತಿದ್ದ ಆ ಜನರೊಡನೆ ಸುಮಾರು 4,000 ವರ್ಷಗಳ ಹಿಂದೆ ಉತ್ತರದ ಬೇಸಾಯಗಾರರು ಬಂದು ಬೆರೆತರು. ಇಂದಿನ ಮಾನ್, ಖ್ಮೇರ್, ಖ್ಮು ಭಾಷೆಗಳ ಬೇರು ಆ ಬೇಸಾಯಗಾರರಲ್ಲಿದೆ. ಥಾಯ್-ಲಾವೊ ಪೂರ್ವಜರು ಈ ಸಾಲಿನಲ್ಲಿ ತೀರಾ ತಡವಾಗಿ ಬಂದವರು, ಬಂದಲ್ಲೆಲ್ಲ ನೆರೆಹೊರೆಯವರೊಡನೆ ಸಂಬಂಧ ಬೆಳೆಸಿದವರು.

ಸಂಬಂಧ ಎಂದರೆ ಅಕ್ಷರಶಃ ಮದುವೆ. ಉತ್ತರ ಥಾಯ್ಲೆಂಡ್‌ನ ಗುಡ್ಡಗಳಲ್ಲಿ ಕರೆನ್ ಗಂಡು ಮದುವೆಯಾಗಿ ಹೆಂಡತಿಯ ಮನೆ ಸೇರುತ್ತಾನೆ. ಪಕ್ಕದ ಗುಡ್ಡದ ಆಖಾ, ಲಿಸು ಜನ ನಮ್ಮ ಹಾಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವವರು. 2001ರ ಒಂದು ಅಧ್ಯಯನ ಈ ರೂಢಿಯನ್ನು ಡಿಎನ್‌ಎಯಲ್ಲೇ ಓದಿತು. ಕರೆನ್ ಜನರಲ್ಲಿ ತಾಯಿವಳಿಯ ವೈವಿಧ್ಯ ಕಡಿಮೆ, ತಂದೆವಳಿಯದು ಹೆಚ್ಚು. ಆಖಾ, ಲಿಸುಗಳಲ್ಲಿ ತದ್ವಿರುದ್ಧ. ಯಾವ ಶಾಸನವೂ ಬರೆದಿಡದ ಮನೆಅಳಿಯಂದಿರ ಚರಿತ್ರೆ ಇದು. ರಾಜರ ಪಟ್ಟಿಗಿಂತ ಇದನ್ನೇ ಪಠ್ಯದಲ್ಲಿ ಹಾಕಬಹುದು.

ಇನ್ನು ಮೆಕಾಂಗ್ ನದಿ. 1828ರಲ್ಲಿ ಸಯಾಮಿನ ಸೇನೆ ವಿಯೆಂಟಿಯಾನ್ ನಗರವನ್ನು ನೆಲಸಮ ಮಾಡಿ ಲಾವೊ ಜನರನ್ನು ಹಿಂಡುಹಿಂಡಾಗಿ ಪಶ್ಚಿಮ ದಡಕ್ಕೆ ಸಾಗಿಸಿತು. 1893ರಲ್ಲಿ ಫ್ರೆಂಚರು ಯುದ್ಧನೌಕೆ ತಂದು ಪೂರ್ವ ದಡ ಕಿತ್ತುಕೊಂಡರು, ನದಿಯೇ ಗಡಿಯಾಯಿತು. ಇವತ್ತು ಈಸಾನ್‌ನ ಜನಸಂಖ್ಯೆ ಇಡೀ ಲಾವೋಸ್‌ನ ಎರಡು ಪಟ್ಟಿಗೂ ಹೆಚ್ಚು. ವಂಶದಲ್ಲಿ ಎರಡು ದಡದವರೂ ಬಹಳ ಹತ್ತಿರದವರು. ಪಾಸ್‌ಪೋರ್ಟ್ ಮಾತ್ರ ಬೇರೆ.

ಭಾರತೀಯ ಓದುಗ ಕಿವಿ ನಿಮಿರಿಸುವುದು ಇಲ್ಲಿ: ಹಲವು ಥಾಯ್ ಗುಂಪುಗಳಲ್ಲಿ ದಕ್ಷಿಣ ಏಷ್ಯಾದ ಅಂಶವೂ ಇದೆ. 2021ರ ಅಧ್ಯಯನ ಈ ಬೆರಕೆಯ ಕಾಲವನ್ನು 600ರಿಂದ 1,000 ವರ್ಷಗಳ ಹಿಂದಕ್ಕೆ ಹಾಕುತ್ತದೆ, ಅಂದರೆ ಸಮುದ್ರ ವ್ಯಾಪಾರ ಭರದಿಂದಿದ್ದ ದಿನಗಳು. ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಸುಮಾತ್ರದ ಬರೂಸ್‌ನ 1088ರ ತಮಿಳು ಶಾಸನದಲ್ಲಿ ಸಿಗುವುದೂ ಅದೇ ಕಾಲದಲ್ಲಿ. ಹಾಗೆಂದು ಕನ್ನಡದ ವರ್ತಕರೇ ಥಾಯ್‌ಗಳ ಮುತ್ತಜ್ಜಂದಿರು ಎಂದು ಮೀಸೆ ತಿರುವುವುದು ವಿಚಿತ್‌ವಾತಕಾನ್ ಮಾಡಿದ ಕೆಲಸವನ್ನೇ ಮಾಡಿದಂತೆ. ಮಾನ್, ಮಧ್ಯ ಮತ್ತು ದಕ್ಷಿಣದ ಥಾಯ್‌ಗಳಲ್ಲಿ ಕಾಣುವಷ್ಟು ಈ ಅಂಶ ಈಶಾನ್ಯದಲ್ಲಿ ಕಾಣುವುದಿಲ್ಲ. ಆದರೂ ಲಾವೊ ಜನರ ಬಳಿ ತಮ್ಮದೇ ರಾಮಾಯಣವಿದೆ, ಬುದ್ಧನಿದ್ದಾನೆ. ಕಥೆಗೂ ದೇವರಿಗೂ ರಕ್ತಸಂಬಂಧದ ಹಂಗಿಲ್ಲ.

ರಕ್ತದ ಲೆಕ್ಕ ನಿಜಕ್ಕೂ ಬೇಕಾಗುವುದು ಆಸ್ಪತ್ರೆಯಲ್ಲಿ. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಕೂಡುವ ಸೀಮೆಯಲ್ಲಿ ಹಿಮೋಗ್ಲೋಬಿನ್-ಇ ಎಂಬ ರೂಪಾಂತರ ಜಗತ್ತಿನಲ್ಲೇ ಅತಿ ಹೆಚ್ಚು. ಕೆಲವೆಡೆ ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ. ಮಲೇರಿಯಾ ವಿರುದ್ಧ ಒಂದಿಷ್ಟು ರಕ್ಷಣೆ ಕೊಟ್ಟದ್ದರಿಂದ ಅದು ಉಳಿದುಕೊಂಡಿತು ಎನ್ನುತ್ತಾರೆ. ಒಂಟಿಯಾಗಿದ್ದರೆ ನಿರುಪದ್ರವಿ. ಆದರೆ ಗಂಡ ಹೆಂಡಿರಲ್ಲಿ ಒಬ್ಬರಲ್ಲಿ ಇದು, ಇನ್ನೊಬ್ಬರಲ್ಲಿ ಬೀಟಾ ಥಲಸೀಮಿಯಾದ ಜೀನ್ ಇದ್ದರೆ, ಮಗು ಜೀವನಪೂರ್ತಿ ರಕ್ತ ಹಾಕಿಸಿಕೊಳ್ಳಬೇಕಾಗಿ ಬರಬಹುದು. ಥಾಯ್ಲೆಂಡ್ ಗರ್ಭಿಣಿಯರನ್ನು ಇದಕ್ಕಾಗಿ ತಪಾಸಣೆ ಮಾಡುವ ವ್ಯವಸ್ಥೆ ಕಟ್ಟಿಕೊಂಡಿದೆ. ಅಷ್ಟು ಹಣಬಲವಿಲ್ಲದ ಎದುರು ದಡದ ಸೋದರಿಯರಿಗೂ ಅದೇ ಪರೀಕ್ಷೆ, ಅದೇ ಖಾತ್ರಿಯಲ್ಲಿ ಸಿಗುವಂತೆ ಎರಡೂ ಸರ್ಕಾರಗಳು ಕೈಜೋಡಿಸಬೇಕು.